ಆಲನ್ ಕ್ಲಾರ್ಕ್ ಬಗ್ಗೆ ಬರೆದವರಿಗೆ: ಕ್ಯಾಮೆರಾ ಎಲ್ಲಿತ್ತು?

ಪ್ರಿಯರೇ,

ಬ್ರಿಟಿಷ್ ಟೆಲಿವಿಷನ್ ನಿರ್ದೇಶಕ ಆಲನ್ ಕ್ಲಾರ್ಕ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಇಸವಿಗಳು ಸರಿಯಾಗಿವೆ. ಇಂಥವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ಖುಷಿ. ಆದರೆ 'ಎಲಿಫೆಂಟ್' ಬಗ್ಗೆ ಬರೆದ ಭಾಗಕ್ಕೆ ಬಂದಾಗ ನನಗೆ ಸಿಟ್ಟು ಬಂತು.

1989ರ ಆ ಚಿತ್ರಕ್ಕೆ ನೀವು ಕೊಟ್ಟಿರುವುದು ಎರಡೇ ಸಾಲು. ಮೊದಲನೆಯದು: "ಉತ್ತರ ಐರ್ಲೆಂಡಿನ ಹಿಂಸೆಯ ಭೀಕರತೆಯನ್ನು ಮನಕಲಕುವಂತೆ ಚಿತ್ರಿಸಿದ್ದಾರೆ." ಊರಿನ ಹೆಸರು ಬದಲಾಯಿಸಿದರೆ ಇದನ್ನು ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ನೀವು ನೋಡಿದ್ದು ಏನು? 39 ನಿಮಿಷ, 18 ಕೊಲೆ. ಮಾತು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಬ್ಬ ನಡೆಯುತ್ತಾನೆ, ಕ್ಯಾಮೆರಾ ಅವನ ಜೊತೆಗೇ ಹೋಗುತ್ತದೆ. ಗುಂಡು ಹಾರಿಸಿ ಹೊರಟುಬಿಡುತ್ತಾನೆ. ಆಮೇಲೆ ಕ್ಯಾಮೆರಾ ಹೆಣದ ಮೇಲೆ ಅಲುಗಾಡದೆ ನಿಲ್ಲುತ್ತದೆ, ನಾವು ಕಣ್ಣು ತಿರುಗಿಸಬೇಕು ಅನ್ನಿಸುವವರೆಗೆ. ಅಲ್ಲಿನ ಹಿಂಸೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಅಂತ ಎರಡಾಗಿ ಒಡೆದ ಊರಿನದು. ಆದರೂ ಕೊಂದವನು ಯಾರ ಕಡೆಯವನು, ಸತ್ತವನು ಕ್ಯಾಥೊಲಿಕ್ಕೋ ಪ್ರಾಟೆಸ್ಟೆಂಟೋ, ಒಂದನ್ನೂ ಹೇಳುವುದಿಲ್ಲ. ಕೊನೆಯಲ್ಲಂತೂ ಇಬ್ಬರು ಒಟ್ಟಿಗೇ ನಡೆದು ಬರುತ್ತಾರೆ. ಅವರಲ್ಲೊಬ್ಬ ತಾನಾಗಿಯೇ ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ. ಇದನ್ನು ಬರೆಯದೆ ಹೇಗೆ ಬಿಟ್ಟಿರಿ?

ಎರಡನೇ ಸಾಲು: "ಸ್ಟೆಡಿಕ್ಯಾಮ್ ಬಳಕೆ ಅದ್ಭುತ." ಸ್ಟೆಡಿಕ್ಯಾಮ್ ಅಂದರೆ ಛಾಯಾಗ್ರಾಹಕ ಮೈಗೆ ಕಟ್ಟಿಕೊಂಡು ನಡೆಯುವ ಕ್ಯಾಮೆರಾ ಅಂತಾದರೂ ಹೇಳಬೇಕಿತ್ತು. ಹಳಿ ಹಾಸಬೇಕಿಲ್ಲ, ನಟ ಹೋದಲ್ಲಿಗೆ ಹೋಗಬಹುದು. 1983ರ 'ಮೇಡ್ ಇನ್ ಬ್ರಿಟನ್'ನಲ್ಲಿ ನಟ ಟಿಮ್ ರಾತ್ ಮಾಡಿದ ಸ್ಕಿನ್‌ಹೆಡ್ ಹುಡುಗ, ಅಂದರೆ ತಲೆ ಬೋಳಿಸಿಕೊಂಡ ಪುಂಡ, ನಿಂತಲ್ಲಿ ನಿಲ್ಲುವವನಲ್ಲ. ಅವನ ಸಿಟ್ಟು ಕಾಣುವುದೇ ಆ ನಡಿಗೆಯಲ್ಲಿ. 'ಎಲಿಫೆಂಟ್'ನಲ್ಲಿ ಅದೇ ನಡಿಗೆ ತಣ್ಣಗಾಗಿದೆ, ಸಿಟ್ಟೂ ಇಲ್ಲ. ಆ ಆರು ವರ್ಷದಲ್ಲಿ ಕ್ಲಾರ್ಕ್ ಎಲ್ಲಿಂದ ಎಲ್ಲಿಗೆ ಬಂದರು ಅನ್ನುವುದೇ ನಿಮ್ಮ ಲೇಖನ ಆಗಬಹುದಿತ್ತು.

ನಾನು ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯರು ಫಿಲ್ಮ್ ಸೊಸೈಟಿ ಪ್ರದರ್ಶನಕ್ಕೆ ಕಳಿಸುತ್ತಿದ್ದರು. ಬೆಳಿಗ್ಗೆ ವಿಮರ್ಶೆ ಹಿಡಿದು ಹೋದರೆ ಹಾಳೆ ಮುಟ್ಟುತ್ತಿರಲಿಲ್ಲ. "ಕ್ಯಾಮೆರಾ ಎಲ್ಲಿತ್ತು, ಅದು ಹೇಳು ಮೊದಲು" ಅನ್ನುತ್ತಿದ್ದರು. ಚಿತ್ರ ಹೇಗಿತ್ತು ಅಂತ ಕೇಳಿದ್ದು ನೆನಪೇ ಇಲ್ಲ. ಅವರಿಗೋಸ್ಕರ ಕತ್ತಲಲ್ಲಿ, ಪರದೆಯಿಂದ ಕಣ್ಣು ಕೀಳದೆ ಗೀಚುವುದನ್ನು ಕಲಿತೆ. ಸಾಲಿನ ಮೇಲೆ ಸಾಲು ಬಿದ್ದು ಅಕ್ಷರ ಓದಲು ಆಗುತ್ತಿರಲಿಲ್ಲ. ಆದರೆ ಯಾರು ಯಾವ ಬಾಗಿಲಿಂದ ಬಂದರು ಅನ್ನುವುದು ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತಿತ್ತು. ಇವತ್ತಿಗೂ ನಾನು ನೋಡುವುದು ಹಾಗೆಯೇ.

ಇನ್ನೊಂದು ಸಾಲು ಬಿಡಲಾರೆ: "ಬಿಬಿಸಿ ತಡೆದರೂ ಛಲ ಬಿಡದ ಕ್ಲಾರ್ಕ್ 'ಸ್ಕಮ್' ಅನ್ನು 1979ರಲ್ಲಿ ಸಿನಿಮಾ ಮಾಡಿ ಗೆದ್ದರು." ಅದನ್ನು ಬರೆದ ರಾಯ್ ಮಿಂಟನ್ ಎಲ್ಲಿ? ಬೋರ್ಸ್ಟಲ್ ಎಂಬ ಹುಡುಗರ ಜೈಲಿನ ಆ ಕಥೆ ಬಿಬಿಸಿಯ 'ಪ್ಲೇ ಫಾರ್ ಟುಡೇ' ಸರಣಿಗಾಗಿ ತಯಾರಾದದ್ದು. ನಾಟಕಕಾರನಿಗೆ ಅಲ್ಲಿ ದೊಡ್ಡ ಜಾಗವಿತ್ತು. ಇನ್ನು 'ಗೆದ್ದರು' ಅನ್ನುವುದು. 1977ರಲ್ಲಿ ತಡೆದ ಮೂಲ ಚಿತ್ರವನ್ನು ಬಿಬಿಸಿ ತೋರಿಸಿದ್ದು 1991ರಲ್ಲಿ. ಕ್ಲಾರ್ಕ್ 1990ರ ಜುಲೈನಲ್ಲಿ, 54ನೇ ವಯಸ್ಸಿಗೇ ತೀರಿಕೊಂಡಿದ್ದರು. ಈ ಎರಡು ಇಸವಿಯೂ ನಿಮ್ಮ ಲೇಖನದಲ್ಲೇ ಇವೆ. ಪಕ್ಕಪಕ್ಕ ಇಟ್ಟು ನೋಡಿಲ್ಲ, ಅಷ್ಟೆ.

ಉಳಿದದ್ದು ಹಾಗೇ ಇರಲಿ. 'ಎಲಿಫೆಂಟ್' ಮತ್ತೆ ನೋಡಿ. ಒಂದೇ ಒಂದು ಕೊಲೆ ಆರಿಸಿಕೊಂಡು, ಮೊದಲ ಹೆಜ್ಜೆಯಿಂದ ಹೆಣದವರೆಗೆ ಒಂದು ಪುಟ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂ.