ಆರ್‌ಪಿಜಿ (ಪಾತ್ರಗಳನ್ನು ಬೆಳೆಸುತ್ತಾ ಹೋಗುವ ವಿಡಿಯೊ) ಆಟಗಳಲ್ಲಿ ಲೆವೆಲ್ (ಪಾತ್ರದ ಬಲದ ಮಟ್ಟ) ಏರುವ ಪದ್ಧತಿಗಳಲ್ಲಿ ನಿಮಗೆ ತುಂಬಾ ಇಷ್ಟವಾದ, ಸ್ವಲ್ಪ ವಿಚಿತ್ರವಾದದ್ದು ಯಾವುದು?

ನನ್ನ ಉತ್ತರ 1988ರ ಫೈನಲ್ ಫ್ಯಾಂಟಸಿ 2. ಇದರಲ್ಲಿ ಪಾತ್ರಗಳಿಗೆ ಲೆವೆಲ್ಲೇ ಇಲ್ಲ. ಏನು ಬಳಸುತ್ತೀರೋ ಅದೇ ಬೆಳೆಯುತ್ತದೆ. ಕತ್ತಿ ಬೀಸಿದರೆ ಕತ್ತಿಯ ಕೌಶಲ, ಮಂತ್ರ ಹಾಕಿದರೆ ಆ ಮಂತ್ರದ ಬಲ. ಪೆಟ್ಟು ತಿಂದರೆ ತಡೆದುಕೊಳ್ಳುವ ಶಕ್ತಿಯೂ ಹೆಚ್ಚುತ್ತದೆ! ಹಾಗಾಗಿ ಆಟಗಾರರು ತಮ್ಮ ತಂಡದವರಿಗೇ ತಾವೇ ಹೊಡೆದು ಹೆಲ್ತ್ ಏರಿಸಿಕೊಳ್ಳುವ ದಾರಿ ಹುಡುಕಿದರು. ಇದನ್ನು ದೊಡ್ಡ ದೋಷ ಅನ್ನುವವರೇ ಜಾಸ್ತಿ. ನನಗೆ ಹಾಗನ್ನಿಸಲ್ಲ. ನೀವು ಆಡಿದ ರೀತಿಯೇ ಪಾತ್ರವನ್ನು ರೂಪಿಸುತ್ತದೆ, ಅದು ಎಷ್ಟು ಚೆಂದದ ಯೋಚನೆ ಅಲ್ವಾ?

ಇನ್ನೊಂದು, 1999ರ ಫೈನಲ್ ಫ್ಯಾಂಟಸಿ 8. ಅಲ್ಲಿ ನಿಮ್ಮ ಲೆವೆಲ್ ಏರಿದಂತೆ ಶತ್ರುಗಳದ್ದೂ ಏರುತ್ತದೆ. ಸುಮ್ನೆ ಹೊಡೆದಾಡುತ್ತಾ ಹೋದರೆ ಲಾಭ ಕಡಿಮೆ. ನಿಜವಾದ ಬಲ ಬರುವುದು ಮಂತ್ರಗಳನ್ನು ಕೂಡಿಟ್ಟು ಪಾತ್ರದ ಗುಣಗಳಿಗೆ ಜೋಡಿಸುವುದರಿಂದ. ಶತ್ರುವನ್ನು ಕೊಲ್ಲದೆ, ಆಟದೊಳಗಿನ ಇಸ್ಪೀಟಿನಂಥ ಆಟದ ಕಾರ್ಡ್ ಆಗಿ ಬದಲಿಸಿದರೆ ಲೆವೆಲ್ ಏರಿಸುವ ಅನುಭವದ ಅಂಕ ಸಿಗಲ್ಲ, ಆದರೆ ಹೊಸ ಸಾಮರ್ಥ್ಯ ಕಲಿಯುವ ಅಂಕ ಸಿಗುತ್ತದೆ. ಅಂದರೆ ಲೆವೆಲ್ ಕೆಳಗೇ ಇಟ್ಟುಕೊಂಡು ಬಲಶಾಲಿ ಆಗಬಹುದು.

ಎರಡರಲ್ಲಿ ಮೊದಲು ಆಡುವುದಾದರೆ 8ನ್ನೇ ಆಡಿ. 2ಕ್ಕೆ ತಾಳ್ಮೆ ಬೇಕು.