ಮೇಲೇರುವ ಮುಂಚೆ ಇಂಧನದ ಹರಿವು ಅಳೆಯಿರಿ

ನೀವೇ ಕಟ್ಟಿದ ವಿಮಾನದ ಟ್ಯಾಕ್ಸಿ ಓಟ (ಹಾರದೆ ನೆಲದ ಮೇಲೇ ಓಡಿಸಿ ನೋಡುವುದು) ಚೆನ್ನಾಗಿ ಆಗಿದೆ, ಗೆಳೆಯನ ಜೊತೆ ಮೊದಲ ಹಾರಾಟ ಮಾಡಬಹುದಾ ಅಂತ ಕೇಳಿದ್ದೀರಿ. ಗೆಳೆಯ ಬೇಡ, ಒಬ್ಬರೇ ಹೋಗಿ. ಅದಕ್ಕೂ ಮೊದಲು ಇಂಧನದ ಹರಿವು ಅಳೆದಿದ್ದೀರಾ? ನೆಲದ ಮೇಲೆ ಎಂಜಿನ್ ಚೆನ್ನಾಗಿ ಓಡಿತು ಅಂತ ನಂಬಬೇಡಿ, ಮೂತಿ ಎತ್ತಿ ಏರುವಾಗಲೇ ಅದು ಕೈಕೊಡೋದು. ಏರುವ ಕೋನಕ್ಕಿಂತ ತುಸು ಹೆಚ್ಚೇ ಮೂತಿ ಎತ್ತಿ ನಿಲ್ಲಿಸಿ, ಕಾರ್ಬ್ಯುರೇಟರ್ (ಎಂಜಿನ್‌ಗೆ ಇಂಧನ, ಗಾಳಿ ಬೆರೆಸಿ ಕೊಡುವ ಭಾಗ) ಹತ್ತಿರ ಇಂಧನದ ಪೈಪ್ ಬಿಚ್ಚಿ ಡಬ್ಬಿಗೆ ಹಿಡಿಯಿರಿ. ಪಂಪ್ ಇಲ್ಲದೆ ತಾನಾಗಿ ಇಳಿಯುವ ಇಂಧನವಾದರೆ ಟೇಕಾಫ್‌ನಲ್ಲಿ ಎಂಜಿನ್ ಕುಡಿಯುವ ಇಂಧನದ 150%, ಪಂಪ್ ಇದ್ದರೆ 125% ಬರಬೇಕು. ನನ್ನ ವಿಮಾನದಲ್ಲಿ ಧಾರೆ ಬರಬರುತ್ತಾ ನೂಲಿನಷ್ಟಾಯಿತು. ನೋಡಿದರೆ ಟ್ಯಾಂಕ್ ಮುಚ್ಚಳದ ಗಾಳಿತೂತಿಗೆ ಬಣ್ಣ ಮೆತ್ತಿಕೊಂಡು ಗಾಳಿ ಒಳಹೋಗದೆ ಇಂಧನ ಇಳಿಯುತ್ತಿರಲಿಲ್ಲ, ಆ ಬಣ್ಣ ನಾನೇ ಬಳಿದದ್ದು! ಟೇಕಾಫ್ ಆದ ಕೂಡಲೇ ಎಂಜಿನ್ ನಿಂತರೆ ರನ್‌ವೇ ಕಡೆ ತಿರುಗಿಸಲು ಹೋಗಬೇಡಿ. ಮೂತಿ ತಗ್ಗಿಸಿ, ಎದುರಿಗೆ ಸಿಕ್ಕ ಬಯಲಲ್ಲೇ ಇಳಿಸಿ.