ಮಗಳ ಸೇವೆ, ತಂದೆಯ ಆತಂಕ: ಸಂಪಾದಕರ ಉತ್ತರ

ಬದಿಯಡ್ಕ ಸಮೀಪದ ಓದುಗ ಮಿತ್ರರಿಗೆ ವಂದನೆಗಳು.

ಪದವಿಯ ಎರಡನೆಯ ವರ್ಷದಲ್ಲಿರುವ ತಮ್ಮ ಮಗಳು ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದ ವಾಲಂಟಿಯರ್ ಸೆಕ್ರೆಟರಿಯಾದ ಮೇಲೆ ಭಾನುವಾರವೂ ಮನೆಯಲ್ಲಿ ನಿಲ್ಲುವುದಿಲ್ಲವೆಂದು ತಾವು ಬರೆದಿದ್ದೀರಿ. ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುವ ಶಿಬಿರಗಳಿಂದ ಕೃಪಾಂಕ ಮತ್ತು ಪ್ರಮಾಣಪತ್ರಗಳ ಹೊರತು ಅವಳಿಗೆ ದಕ್ಕುವುದೇನು, ಓದು ಹಿಂದೆ ಬಿದ್ದರೆ ಹೊಣೆ ಯಾರು ಎಂದು ಕೇಳಿದ್ದೀರಿ. ಹೆತ್ತವರು ಕೇಳಲೇಬೇಕಾದ ಪ್ರಶ್ನೆ ಇದು.

ಗಾಂಧೀಜಿಯವರ ಜನ್ಮಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನೂ ಏಳು ದಿನಗಳ ವಿಶೇಷ ಶಿಬಿರವನ್ನೂ ಪೂರೈಸಬೇಕಾಗುತ್ತದೆ. ಗಂಟೆಗಳನ್ನು ಡೈರಿಯಲ್ಲಿ ತುಂಬಿಸುವುದು ಕಷ್ಟವೇನಲ್ಲ. ಅಧ್ಯಾಪಕರು ಹೇಳಿದಲ್ಲಿ ಪೊದೆ ಸವರಿ, ಹಾಜರಿಗೆ ಸಹಿ ಹಾಕಿ ಬರುವ ವಿದ್ಯಾರ್ಥಿ ಅಷ್ಟನ್ನೂ ಮುಗಿಸಿ ಮೊದಲಿದ್ದಂತೆಯೇ ಉಳಿಯಬಹುದು. ತಾನು ಹೋಗದಿದ್ದರೆ ಆಗದೆ ಉಳಿಯುವ ಕೆಲಸವೊಂದು ಹೆಗಲಿಗೆ ಬಿದ್ದಾಗಲೇ ಮಕ್ಕಳು ಬೆಳೆಯುತ್ತಾರೆಂಬುದು ನನ್ನ ದೃಢವಾದ ನಂಬಿಕೆ. ನಮ್ಮ ಕಾಸರಗೋಡಿನಲ್ಲಿ ಅಂಥ ಕೆಲಸಕ್ಕೆ ಬರವಿಲ್ಲ.

1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂಬ ಮಾನ್ಯತೆಯಿದ್ದರೂ ಕಚೇರಿಗಳ ವ್ಯವಹಾರ ಬಹುಮಟ್ಟಿಗೆ ಮಲಯಾಳದಲ್ಲೇ ನಡೆಯುತ್ತಿರುವುದರಿಂದ, ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಮನೆಗೆ ಬಂದ ನೋಟೀಸನ್ನು ಹಿಡಿದುಕೊಂಡು ಇದು ತೆರಿಗೆಯದೋ ಸಾಲದ್ದೋ ಎಂದು ಪಕ್ಕದ ಮನೆಯವರನ್ನು ಕೇಳಬೇಕಾಗುತ್ತದೆ. ಇಂಥಲ್ಲಿ ಎರಡೂ ಭಾಷೆ ಬಲ್ಲ ತಮ್ಮ ಮಗಳಂಥವರ ಕೆಲಸವನ್ನು ಹೊರಗಿನಿಂದ ಬಂದವರು ಮಾಡಲಾರರು. ಕ್ಷೇಮ ಪಿಂಚಣಿಯ ಮಸ್ಟರಿಂಗ್ ಅನ್ನೇ, ಅಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ದೃಢಪಡಿಸುವ ಕ್ರಮವನ್ನೇ ನೋಡಿ. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಬೆರಳು ಒತ್ತಿದರೆ ಮುಗಿಯಿತೆಂದು ನಮಗೆ ತೋರುತ್ತದೆ. ಆದರೆ ಅಡಿಕೆ ಸುಲಿದು ಸುಲಿದು ಗೆರೆ ಸವೆದ ಅಜ್ಜಿಯ ಬೆರಳನ್ನು ಯಂತ್ರ ಗುರುತಿಸುವುದಿಲ್ಲ. ಆಧಾರಿನಲ್ಲಿರುವ ಹೆಸರೊಂದು, ರೇಷನ್ ಕಾರ್ಡಿನಲ್ಲಿರುವುದು ಇನ್ನೊಂದು. ಆಗ ಜಗಲಿಯಲ್ಲಿ ಕುಳಿತು ಟ್ರಂಕಿನಲ್ಲಿರುವ ಕಾಗದಗಳನ್ನು ಒಂದೊಂದಾಗಿ ತೆಗೆಸಿ ನೋಡಬೇಕು, ಪಂಚಾಯತಿಗೂ ವಿಲೇಜ್ ಆಫೀಸಿಗೂ ಮತ್ತೆ ಮತ್ತೆ ಹೋಗಬೇಕು, ಗುಮಾಸ್ತರೊಡನೆ ದನಿ ಏರಿಸದೆಯೂ ಹಿಂದೆ ಸರಿಯದೆಯೂ ಮಾತಾಡಬೇಕು, ತನ್ನಿಂದಾಗದ್ದನ್ನು ವಾರ್ಡ್ ಮೆಂಬರರಿಗೆ ಒಪ್ಪಿಸಬೇಕು. ಇಪ್ಪತ್ತರ ಹುಡುಗಿಗೆ ಇದಕ್ಕಿಂತ ಮಿಗಿಲಾದ ನಾಯಕತ್ವದ ತರಬೇತಿ ಯಾವ ಸಭಾಂಗಣದಲ್ಲೂ ಸಿಗದು.

ಮಳೆ ಬಿಟ್ಟ ಮೇಲೆ ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ತಾತ್ಕಾಲಿಕ ಒಡ್ಡು, ಕಟ್ಟುವಲ್ಲಿ ಕಲಿಯುವುದು ಬೇರೆಯೇ. ಕಲ್ಲು ಎಲ್ಲಿ ಕೂರಬೇಕು, ಮಣ್ಣನ್ನು ಎಷ್ಟು ಮೆಟ್ಟಬೇಕು ಎಂದು ಹೇಳುವವರು ತೋಟದ ಹಿರಿಯರು. ತಂಡದ ಮುಂದಾಳು ಅಲ್ಲಿ ಎಲ್ಲರೊಡನೆ ಸಾಲಿನಲ್ಲಿ ನಿಂತು ಬುಟ್ಟಿ ದಾಟಿಸಬೇಕು.

ಫೋಟೋಗಳ ಕುರಿತ ತಮ್ಮ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಮುಖ್ಯವಾಗಿ ಎಣ್ಮಕಜೆಯ ಪಡ್ರೆಯಂಥ ಊರುಗಳ ವಿಷಯದಲ್ಲಿ. ಸುತ್ತಲಿನ ಗೇರುತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ತಡೆಯಿತಾದರೂ ಹಾಸಿಗೆ ಹಿಡಿದ ಮಕ್ಕಳ ತಾಯಂದಿರ ದಿನಚರಿ ಅದರಿಂದ ಬದಲಾಗಲಿಲ್ಲ. ಹಣ್ಣಿನ ಬುಟ್ಟಿ ಮತ್ತು ಕ್ಯಾಮೆರಾ ಹಿಡಿದು ಒಂದು ದಿನ ಹೋಗಿಬರುವವರು ಆ ಮನೆಗಳಿಗೆ ಬೇಡ. ವಾರಕ್ಕೊಮ್ಮೆ ಎರಡು ಗಂಟೆ ಮಗುವಿನ ಬಳಿ ಕುಳಿತು, ತಾಯಿ ಬ್ಯಾಂಕಿಗೋ ಔಷಧಿಯಂಗಡಿಗೋ ಹೋಗಿಬರಲು ಬಿಡುವು ಮಾಡಿಕೊಡುವವರು ಬೇಕು.

ಇನ್ನು ಓದಿನ ಮಾತು. ಹಾಜರಿ ಮತ್ತು ಇಂಟರ್ನಲ್ ಅಂಕಗಳನ್ನು ಕಳೆದುಕೊಂಡು ಮಾಡುವ ಸೇವೆಯನ್ನು ನಾನು ಸಮರ್ಥಿಸುವುದಿಲ್ಲ. ಪ್ರತಿ ಭಾನುವಾರವೂ ಅವಳೇ ಹೋಗಬೇಕಾಗಿದೆಯೆಂದರೆ ಕೆಲಸವನ್ನು ಹಂಚಿಕೊಡುವುದನ್ನು ಅವಳಿನ್ನೂ ಕಲಿಯಬೇಕಾಗಿದೆ. ಅವಳನ್ನು ತಡೆಯುವ ಬದಲು ಇದೊಂದನ್ನು ಕೇಳಿನೋಡಿ: ಪರೀಕ್ಷೆಯ ತಿಂಗಳಲ್ಲಿ ಆ ಮನೆಗಳಿಗೆ ಹೋಗುವವರು ಯಾರು? ಮೊದಲ ವರ್ಷದ ಇಬ್ಬರನ್ನು ಈಗಿನಿಂದಲೇ ಜೊತೆಗೆ ಕರೆದೊಯ್ಯುವಂತೆ ಹೇಳಿ. ಹೆಚ್ಚಿನ ಭಾನುವಾರಗಳು ಆಗ ತಮ್ಮ ಮನೆಗೂ ಅವಳ ಪುಸ್ತಕಗಳಿಗೂ ಮರಳಿಯಾವು.